ವಿಗ್ಗಜ್ಜಿಗೆ ಸಿಕ್ಕ ಆರು ಸೆಕೆಂಡು

"ನಮ್ಮಪ್ಪನ್ನ ಎರಡು ಸಲ ಸಾಯ್ಸಿದ್ರು," ಎಂದಳು ಬಾಗಿಲಲ್ಲಿ ನಿಂತಿದ್ದ ಹುಡುಗಿ. "ಮೊದಲನೇ ಸಲ ನಾನು ಸುಮ್ನಿದ್ದೆ. ಈ ಸಲ ಇರಲ್ಲ."

ಬೆಳಗಿನ ಎಂಟು ಗಂಟೆ. ಅಕ್ಕ ಇನ್ನೂ ಮೊದಲ ಲೋಟ ಟೀ ಮುಗಿಸಿರಲಿಲ್ಲ. ಹುಡುಗಿಗೆ ಇಪ್ಪತ್ತೈದರ ಆಸುಪಾಸು. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಂತೆ. ಮೈಮೇಲಿನ ಬಿಳಿ ಕೋಟನ್ನೂ ಬಿಚ್ಚದೆ ಬಂದಿದ್ದಳು. ಕೈಯಲ್ಲೊಂದು ದಪ್ಪ ಕವರು.

"ಒಳಗೆ ಬಾಮ್ಮ. ಏ ಕ್ಲ್ಯಾಪು, ಇನ್ನೊಂದು ಲೋಟ ತಗೊಂಬಾ," ಎಂದರು ಅಕ್ಕ.

ಕ್ಲ್ಯಾಪು ಎಂದರೆ ನಾನು. ಪ್ರತಿ ಶಾಟಿಗೂ ಮುಂಚೆ ಕ್ಯಾಮೆರಾ ಎದುರು ಹಲಗೆ ಹಿಡಿದು ಪಟ್ ಎನ್ನಿಸುವ ಕೆಲಸವನ್ನು ಇಪ್ಪತ್ತಾರು ವರ್ಷ ಮಾಡಿದವನು. ಅಕ್ಕನ ಮನೆಯ ಕೆಳಗಿನ ಕೋಣೆಯಲ್ಲಿದ್ದೇನೆ. ಅಕ್ಕ ಚಿತ್ರರಂಗದಲ್ಲಿ ಮೂವತ್ತನಾಲ್ಕು ವರ್ಷ ಕಂಟಿನ್ಯುಟಿ ನೋಡಿಕೊಂಡವರು. ಒಂದು ಶಾಟಿನಲ್ಲಿ ಜಡೆ ಎಡಭುಜದ ಮೇಲಿದ್ದರೆ, ಮೂರು ವಾರ ಬಿಟ್ಟು ತೆಗೆಯುವ ಮುಂದಿನ ಶಾಟಿನಲ್ಲೂ ಅಲ್ಲೇ ಇರಬೇಕು. ಅದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಕಣ್ಣು ನಿವೃತ್ತಿಯಾಗಲಿಲ್ಲ. ಚಿತ್ರರಂಗದಲ್ಲಿ ಏನೇ ಎಡವಟ್ಟಾದರೂ ಪೊಲೀಸರಿಗಿಂತ ಮೊದಲು ಅಕ್ಕನ ಮನೆಯ ಗಂಟೆ ಬಾರಿಸುತ್ತಾರೆ.

"ನಿನ್ನೆ ಸಂಜೆಯದ್ದು ತಾನೆ?" ಕೇಳಿದರು ಅಕ್ಕ.

"ಹೌದಮ್ಮ. ಸಮಾರಂಭದಲ್ಲಿ ಹಂಚಿದ ಪುಸ್ತಕದಲ್ಲಿ, ತೀರಿಹೋದವರ ಪಟ್ಟೀಲಿ ಅಪ್ಪನ ಹೆಸರಿದೆ. ಪರದೆ ಮೇಲೆ ಅಪ್ಪ ಇಲ್ಲ."

ನಿನ್ನೆ ಸಂಜೆ ಚಲನಚಿತ್ರ ಅಕಾಡೆಮಿಯ ಪ್ರಶಸ್ತಿ ಸಮಾರಂಭದಲ್ಲಿ ನಾವಿಬ್ಬರೂ ಕೊನೆಯ ಸಾಲಿನಲ್ಲಿ ಕೂತಿದ್ದೆವು. ಈ ಪ್ರಶಸ್ತಿಗೆ ನಲವತ್ತೆರಡು ವರ್ಷ. ಹನ್ನೊಂದು ಜನ ತಂತ್ರಜ್ಞರು ಫಿಲ್ಮ್ ತೊಳೆಯುವ ಲ್ಯಾಬಿನ ಕ್ಯಾಂಟೀನಿನಲ್ಲಿ ಶುರು ಮಾಡಿದ್ದು. ಮೊದಲ ವರ್ಷ ಗೆದ್ದವರ ಪಟ್ಟಿಯನ್ನು ಬೆಳಿಗ್ಗೆಯೇ ಗೋಡೆಗೆ ಅಂಟಿಸಿಬಿಟ್ಟರಂತೆ. ಸೋತವರಲ್ಲಿ ಒಬ್ಬರೂ ಸಂಜೆಗೆ ಬರಲಿಲ್ಲ. ಮಾರನೇ ವರ್ಷದಿಂದ ಅಂಟು ಹಚ್ಚಿದ ಲಕೋಟೆ ಬಂತು. ಆಯಾ ಕಸುಬಿನವರು ತಮ್ಮ ಕಸುಬಿನ ಐದು ಹೆಸರು ಆರಿಸುತ್ತಾರೆ, ಆಮೇಲೆ ಎಲ್ಲ ಸದಸ್ಯರೂ ಮತ ಹಾಕುತ್ತಾರೆ, ಹೊರಗಿನ ಇಬ್ಬರು ಎಣಿಸುತ್ತಾರೆ. ಲಕೋಟೆ ಒಡೆಯುವವರೆಗೆ ಆ ಇಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರುವುದಿಲ್ಲ.

ಇವೆಲ್ಲ ಬದಲಾಗುತ್ತಾ ಬಂದವು. ಮೂರು ವರ್ಷದ ಹಿಂದೆ ಬಂದ ಹೊಸ ಕಾರ್ಯದರ್ಶಿ ಹದಿನೈದು ವರ್ಷ ಟೀವಿಯಲ್ಲಿ ಕಾರ್ಯಕ್ರಮ ಮಾಡಿದವರು. ಗೆದ್ದವರ ಭಾಷಣವನ್ನು ನಲವತ್ತು ಸೆಕೆಂಡಿಗೆ ಇಳಿಸಿದರು. ಬೆಳಕಿನ ಕೆಲಸದವರು, ಬಣ್ಣದ ಕೆಲಸದವರ ಪ್ರಶಸ್ತಿಗಳನ್ನು ಜಾಹೀರಾತಿನ ವೇಳೆಯಲ್ಲಿ ಕೊಟ್ಟು ಮುಗಿಸಿದರು. ಆದರೆ ಒಂದನ್ನು ಮುಟ್ಟಲು ಅವರಿಗೂ ಆಗಿರಲಿಲ್ಲ: ಆ ವರ್ಷ ತೀರಿಹೋದವರ ಸ್ಮರಣೆ. ಬಹಳ ಹಿಂದೆ ಒಮ್ಮೆ ಸತ್ತ ನಾಯಕನಟನಿಗೆ ಒಂದು ನಿಮಿಷ ಕೊಟ್ಟು, ಅದೇ ವರ್ಷ ಕರೆಂಟು ಹೊಡೆದು ಸತ್ತ ಇಬ್ಬರು ಲೈಟಿನವರ ಹೆಸರನ್ನು ಪರದೆಯ ಅಡಿಯಲ್ಲಿ ಓಡಿಸಿದರು. ಸಂಸ್ಥಾಪಕರಲ್ಲೊಬ್ಬರು ಕುರ್ಚಿ ಒದ್ದು ಎದ್ದು ಹೋದರು. ಅಂದಿನಿಂದ ನಿಯಮ ಒಂದೇ. ಯಾರೇ ಆಗಲಿ ಮೂರು ಸೆಕೆಂಡು, ಅಕಾರಾದಿ ಕ್ರಮ, ಚಪ್ಪಾಳೆ ಇಲ್ಲ.

ನಿನ್ನೆ ಪಿಯಾನೋದ ಒಂದೊಂದು ಪೆಟ್ಟಿಗೆ ಒಂದೊಂದು ಮುಖ ಬದಲಾಗುತ್ತಿತ್ತು. ನಡುವೆ ವಿಗ್ ಕಟ್ಟುತ್ತಿದ್ದ ಅಜ್ಜಿಯ ಮುಖ ಬಂತು. ಬಂತು, ಹೋಗಲೇ ಇಲ್ಲ. ಮುಗಿಯಿತೇನೋ ಎಂದು ಯಾರೋ ಚಪ್ಪಾಳೆಗೆ ಕೈ ಎತ್ತಿ, ನಾಚಿ ಇಳಿಸಿದರು. ಆಮೇಲಿನ ಮುಖಗಳೆಲ್ಲ ಪಿಯಾನೋಗಿಂತ ಕೂದಲೆಳೆಯಷ್ಟು ತಡವಾಗಿ ಬಂದವು. "ಎಡವ್ತಾ ಇದೆ ಕಣೋ," ಎಂದು ಅಕ್ಕ ನನ್ನ ಪಕ್ಕೆಗೆ ತಿವಿದಿದ್ದರು. ನನಗೇನೂ ಕಂಡಿರಲಿಲ್ಲ.

"ಅಕಾರಾದಿಯಲ್ಲಿ ವಿಗ್ಗಜ್ಜಿಗಿಂತ ಮುಂಚೆ ನಿಮ್ಮಪ್ಪ ಬರಬೇಕಿತ್ತಾ?"

"ಹೂಂ. ಆಫೀಸಿಗೆ ಫೋನ್ ಮಾಡಿದೆ. ಆ ಫೋಟೋಗಳನ್ನ ಜೋಡಿಸಿದ ಎಡಿಟರಮ್ಮ ಮರೆತುಬಿಟ್ರು, ಅವರನ್ನ ತೆಗೆದುಹಾಕಿದ್ದೀವಿ, ಸದಸ್ಯತ್ವಾನೂ ರದ್ದು ಮಾಡೋಕೆ ಇವತ್ತು ನಾಲ್ಕು ಗಂಟೆಗೆ ಸಭೆ ಇದೆ ಅಂದ್ರು. ಇನ್ನೇನು ಬೇಕು ನಿಂಗೆ ಅನ್ನೋ ಧಾಟೀಲಿ."

"ಮೊದಲನೇ ಸಲ ಅಂದ್ಯಲ್ಲ, ಅದೇನು?"

ಹುಡುಗಿ ಲೋಟವನ್ನು ಕೆಳಗಿಟ್ಟಳು. "ಅಪ್ಪ ಡ್ಯೂಪು. ನಾಯಕರ ಬದಲಿಗೆ ಹಾರೋದು, ಬೀಳೋದು. ಹತ್ತು ತಿಂಗಳ ಹಿಂದೆ ಶೂಟಿಂಗ್ ಇದೆ ಅಂತ ಹೇಳಿ ಹೋದ್ರು. ಹಳೇ ಕಾರ್ಖಾನೆ ನೀರಿನ ಟ್ಯಾಂಕಿಂದ ಬಿದ್ರು ಅಂತ ಸಾಯಂಕಾಲ ಸುದ್ದಿ ಬಂತು. ಸಿನಿಮಾದವರು, ಆ ದಿನ ಶೂಟಿಂಗೇ ಇರ್ಲಿಲ್ಲ, ನಿಮ್ಮಪ್ಪ ಕುಡಿದು ಸುಮ್ನೆ ಹೋಗಿ ಹತ್ತಿದ್ದಾನೆ ಅಂದ್ರು. ಅಪ್ಪ ಬಾಟಲಿ ಮುಟ್ಟಿದವರಲ್ಲ. ಜೊತೆಯವರೆಲ್ಲ ಬಾಯಿ ಹೊಲ್ಕೊಂಡ್ರು. ನಂಗೆ ಬೇರೇನೂ ಬೇಡಮ್ಮ. ಅಪ್ಪ ಅಲ್ಲಿಗೆ ಕೆಲಸಕ್ಕೆ ಹೋಗಿದ್ರು ಅಂತ ಯಾರಾದ್ರೂ ಒಬ್ರು ಹೇಳ್ಬೇಕು."

ಆ ಸಿನಿಮಾ ಯಾವುದೆಂದು ಕೇಳುವ ಅಗತ್ಯವಿರಲಿಲ್ಲ. ನಿನ್ನೆ ಅದರ ನಾಯಕನೇ ಶ್ರೇಷ್ಠ ನಟ. ವೇದಿಕೆಯಲ್ಲಿ ಎದೆ ತಟ್ಟಿಕೊಂಡು, "ಈ ಮೈಮೇಲಿನ ಒಂದೊಂದು ಗಾಯವೂ ನಂದೇ," ಎಂದಿದ್ದ. ಅದರ ನಿರ್ಮಾಪಕರೇ ಈ ವರ್ಷ ಸಮಾರಂಭದ ಮುಖ್ಯ ಪ್ರಾಯೋಜಕರು.

"ಅಕಾಡೆಮಿಗೆ ಕೊಟ್ಟ ಫೋಟೋ ಇದೆಯಾ?"

ಕವರಿನಿಂದ ಅಂಗೈಯಗಲದ ಫೋಟೋ ಬಂತು. ಅಪ್ಪನ ಜೊತೆಗಾರನೊಬ್ಬ ಹೋದ ತಿಂಗಳು ತಂದು ಕೊಟ್ಟು, ಏನೂ ಹೇಳದೆ ಹೋಗಿದ್ದನಂತೆ. ನೀಲಿ ಜಾಕೆಟ್ ತೊಟ್ಟ ನಡುವಯಸ್ಸಿನ ಮನುಷ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಾ ನಗುತ್ತಿದ್ದಾನೆ. ಜಾಕೆಟ್ಟಿನ ಬಲತೋಳು ಹರಿದಿದೆ. ಬಲಮೂಲೆಯಲ್ಲಿ ಯಾರದೋ ಅರ್ಧ ಬೆನ್ನು, ಕಂಕುಳಲ್ಲಿ ಅಡ್ಡಲಾಗಿ ಏನೋ ಕಪ್ಪಗೆ.

ಅಕ್ಕ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಎರಡನ್ನೂ ನನ್ನ ಕೈಗಿತ್ತರು. ಆ ಕಪ್ಪು ವಸ್ತು ಕ್ಲ್ಯಾಪು ಹಲಗೆ, ನನಗೆ ಇಪ್ಪತ್ತಾರು ವರ್ಷ ಅನ್ನ ಹಾಕಿದಂಥದ್ದೇ. ಕತ್ತು ಓರೆ ಮಾಡಿ ಓದಿದೆ. ಸಿನಿಮಾದ ಹೆಸರು. ದೃಶ್ಯ ಎಂಬತ್ತೇಳು. ಟೇಕ್ ನಾಲ್ಕು, ಅಂದರೆ ಅದೇ ಶಾಟಿನ ನಾಲ್ಕನೇ ಪ್ರಯತ್ನ. ಕೆಳಗೆ ತಾರೀಖು.

"ನಿಮ್ಮಪ್ಪ ತೀರಿಹೋದ ತಾರೀಖು ಯಾವುದಮ್ಮ?" ಕೇಳಿದೆ. ಹೇಳಿದಳು. ಹಲಗೆಯ ಮೇಲೂ ಅದೇ ಇತ್ತು.

"ಶೂಟಿಂಗ್ ಇಲ್ಲದ ದಿನ ಕ್ಲ್ಯಾಪು ಹಲಗೆ ಕಂಕುಳಲ್ಲಿ ಇಟ್ಕೊಂಡು ಯಾರು ಸುತ್ತಾಡ್ತಾರೋ?" ಎಂದರು ಅಕ್ಕ. ದನಿ ಏರಲಿಲ್ಲ. ಅವರ ದನಿ ಏರದಿದ್ದರೆ ನಾನು ಹೆದರುತ್ತೇನೆ. "ಎದ್ದೇಳು, ಅಕಾಡೆಮಿಗೆ ಹೋಗೋಣ. ಮಗೂ, ನೀನೂ ಬಾ. ಹಲ್ಲಿನ ಡಾಕ್ಟರು ಇವತ್ತೊಂದಿನ ಒಬ್ಬರೇ ಕೀಳಲಿ."

ಅಕಾಡೆಮಿಯ ಎರಡನೇ ಮಹಡಿಯ ಎಡಿಟಿಂಗ್ ಕೊಠಡಿಯಲ್ಲಿ ಎಡಿಟರಮ್ಮ ತಮ್ಮ ಡ್ರಾಯರು ಖಾಲಿ ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷ ಸಿನಿಮಾ ಕತ್ತರಿಸಿದ ಕೈ. ಕಣ್ಣು ಕೆಂಪಗಿತ್ತು, ಅತ್ತದ್ದಕ್ಕಲ್ಲ, ಸಿಟ್ಟಿಗೆ.

"ಮರೆತೆ ಅಂತಾರಲ್ಲ ಅಕ್ಕ! ನಲವತ್ತೊಂದು ಜನಾನೂ ನನ್ನ ಕೈಯಾರೆ ಜೋಡಿಸಿದ್ದೀನಿ. ಈ ಹುಡುಗಿ ಅಪ್ಪನ ಫೋಟೋ ಪೂರ್ತಿ ಇಟ್ಟಿದ್ದೆ, ಆ ಹಗ್ಗ ಹಿಡಿದ ಕೈ ಚೆನ್ನಾಗಿದೆ ಅಂತ. ನಿನ್ನೆ ಮೂರೂವರೆಗೆ ದೊಡ್ಡ ಪರದೆ ಮೇಲೆ ಓಡಿಸಿ ನೋಡಿದ್ವಿ, ಇತ್ತು. ಆಮೇಲೆ ಪರದೆ ಬಣ್ಣ ಸರಿಯಿಲ್ಲ, ವೇದಿಕೆಗೆ ಬನ್ನಿ ಅಂತ ಆಫೀಸ್ ಫೋನಿಂದ ಸಂದೇಶ ಬಂತು. ನಾಲ್ಕರಿಂದ ನಾಲ್ಕೂವರೆವರೆಗೆ ಅಲ್ಲಿ ಕಂಬದ ಥರ ನಿಂತಿದ್ದೆ. ಒಬ್ಬರೂ ಬರಲಿಲ್ಲ. ವಾಪಸ್ ಬಂದು ನೋಡಿದ್ರೆ ಎಲ್ಲ ಸರಿಯಾಗೇ ಇದೆ ಅನ್ನಿಸ್ತು, ಬಾಗಿಲು ಹಾಕಿ ಹೋದೆ."

"ಹಳೇ ಪ್ರತಿ?"

"ಅದರ ಮೇಲೇ ಹೊಸದನ್ನ ಉಳಿಸಿದ್ದಾರೆ. ನನ್ನ ಮೆಷಿನ್ನಿಂದಾನೇ. ಅದಕ್ಕೇ ನನ್ನ ತಲೆಗೆ ಕಟ್ಟಿದ್ದು."

"ಈ ಬಾಗಿಲಿಗೆ ನಂಬರಿನ ಬೀಗ ಇದೆ. ನಂಬರು ಯಾರ್ಯಾರಿಗೆ ಗೊತ್ತು?"

"ನನಗೆ, ಕಾರ್ಯದರ್ಶಿಗೆ, ಮೇಲಿನ ರೀಲಣ್ಣನಿಗೆ. ಮತ್ತ್ಯಾರಿಗೂ ಇಲ್ಲ."

ರೀಲಣ್ಣ ಸಭಾಂಗಣದ ಪ್ರೊಜೆಕ್ಟರ್ ನಡೆಸುವವನು. ಮೂವತ್ತು ವರ್ಷ ಚಿತ್ರಮಂದಿರದಲ್ಲಿ ಫಿಲ್ಮ್ ಓಡಿಸಿದವನು. ಈಗ ರೀಲಿಲ್ಲ, ಹೆಸರು ಮಾತ್ರ ಉಳಿದಿದೆ. ಅವನ ಗೂಡಿಗೆ ಹತ್ತುವಷ್ಟರಲ್ಲಿ ನನ್ನ ಮಂಡಿ ಕಿತ್ತುಬಂತು.

"ನಿನ್ನೆ ಮೂರೂವರೆಗೆ ಹಾಲಿನಲ್ಲಿ ಯಾರ್ಯಾರಿದ್ರಣ್ಣ?" ಅಕ್ಕ ಕೇಳಿದರು.

"ಯಾರೂ ಇಲ್ಲ. ಎಲ್ಲ ಊಟಕ್ಕೆ ಹೋಗಿದ್ರು. ಮೂರನೇ ಸಾಲಲ್ಲಿ ಎಡಿಟರಮ್ಮ, ಮುಂದಿನ ಸಾಲಲ್ಲಿ ಕಾರ್ಯದರ್ಶಿ ಸ್ಟಾಪ್‌ವಾಚ್ ಹಿಡ್ಕೊಂಡು, ಮೇಲೆ ನಾನು. ನಾಲ್ಕೂವರೆಗೆ ಕೆಳಗಿಂದ ಹೊಸ ಪ್ರತಿ ಬಂತು. ಗಲಿಬಿಲಿ ಬೇಡ, ಹಳೇದು ಅಳಿಸಿಬಿಡು ಅಂತ ಕಾರ್ಯದರ್ಶಿ ಹೇಳಿದ್ರು. ಪಾಪ, ಯಾವಾಗಲೂ ಹಾಗೇ ಹೇಳ್ತಾರೆ, ಅದರಲ್ಲೇನಿಲ್ಲ."

"ನೀನು ಬರೆದುಕೊಳ್ಳಲಿಲ್ವಾ?"

"ಬರೆದುಕೊಳ್ಳದೆ ಓಡಿಸೋದುಂಟಾ!" ರೀಲಣ್ಣನಿಗೆ ಅವಮಾನವೇ ಆಯಿತು. ಒಂದು ನೋಟುಬುಕ್ ಎಳೆದು ತೆರೆದ. ಏನೇ ಬರಲಿ, ಅದರ ಉದ್ದವನ್ನು ಫ್ರೇಮುಗಳಲ್ಲಿ ಬರೆದಿಡುವುದು ಅವನ ಹಳೆಯ ಚಾಳಿ. ಸಿನಿಮಾ ಎಂದರೆ ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು, ಅಂದರೆ ಇಪ್ಪತ್ತನಾಲ್ಕು ನಿಶ್ಚಲ ಚಿತ್ರ.

ಮೊದಲ ಪ್ರತಿ: 2952. ಎರಡನೆಯದು: 2955.

"ಮೂರು ಜಾಸ್ತಿ ಇದೆಯಲ್ಲಣ್ಣ."

"ಮೂರು ಫ್ರೇಮು ತಾನೆ ಅಕ್ಕ? ರೆಪ್ಪೆ ಬಡಿಯೋಕೂ ಸಾಲಲ್ಲ. ಸಂಗೀತದ ಬಾಲದಲ್ಲಿ ಮುಚ್ಚಿಹೋಗುತ್ತೆ ಅಂತ ಬಿಟ್ಟೆ."

ಅಕ್ಕ ಆ ಎರಡು ಸಂಖ್ಯೆಗಳನ್ನು ತಮ್ಮ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಆಮೇಲೆ, "ನಿನ್ನೆ ಆ ನಾಯಕನಿಗೆ ಪ್ರಶಸ್ತಿ ಕೊಡುವಾಗ ತೋರಿಸಿದ ತುಣುಕು ಇದ್ಯಾ? ಹಾಕು," ಎಂದರು.

ನೀಲಿ ಜಾಕೆಟ್ಟಿನ ನಾಯಕ ಟ್ಯಾಂಕಿನ ಅಂಚಿನಲ್ಲಿ ನಿಂತು ಕಣ್ಣು ಕಿರಿದು ಮಾಡುತ್ತಾನೆ. ಕಟ್. ಹಿಂದಿನಿಂದ, ದೂರದಿಂದ ಹಾರುತ್ತಾನೆ. ಕಟ್. ನೆಲದಲ್ಲಿ ಎದ್ದು ನಿಲ್ಲುತ್ತಾನೆ. ಅಕ್ಕ ಮೂರು ಸಲ ಹಾಕಿಸಿದರು. ನಾಲ್ಕನೇ ಸಲ ಹಾರುವಲ್ಲಿ ನಿಲ್ಲಿಸಲು ಹೇಳಿ, ಹುಡುಗಿಯ ಮುಖ ನೋಡಿ, ಪರದೆಯನ್ನು ತಾವೇ ಆರಿಸಿದರು.

"ಅಧ್ಯಕ್ಷರ ಹತ್ತಿರ ಎರಡು ನಿಮಿಷ ಮಾತಾಡಬೇಕು," ಎಂದರು.

ನಾಲ್ಕು ಗಂಟೆಗೆ ಸಭಾಕೊಠಡಿಯಲ್ಲಿ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಸೇರಿದರು. ಅಧ್ಯಕ್ಷರು ಹಳೆಯ ಛಾಯಾಗ್ರಾಹಕರು, ಕಿವಿ ಮಂದ, ಮನಸ್ಸು ಮಂದವಲ್ಲ. ಅವರ ಬಲಕ್ಕೆ ಕಾರ್ಯದರ್ಶಿ, ಎಡಕ್ಕೆ ನಿರ್ಮಾಪಕರು. ಎದುರಿಗೆ ಎಡಿಟರಮ್ಮ, ರೀಲಣ್ಣ, ಹುಡುಗಿ. ನಾನು ಬಾಗಿಲ ಬಳಿ.

"ಇವರೆಲ್ಲ ಯಾಕೆ ಇಲ್ಲಿ?" ಎಂದರು ನಿರ್ಮಾಪಕರು. "ಒಬ್ಬರು ತಪ್ಪು ಮಾಡಿದ್ದಾರೆ, ಕೈ ಎತ್ತಿ ಮುಗಿಸೋಣ."

"ಮುಗಿಸೋಣ ಸರ್," ಎಂದರು ಅಕ್ಕ. "ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ. ಬಿಟ್ಟುಹೋದ ಫೋಟೋನ ಅದರ ಜಾಗಕ್ಕೆ ಸೇರಿಸೋಕೆ ಅಧ್ಯಕ್ಷರು ಒಪ್ಪಿದ್ದಾರೆ. ಮೂರು ಸೆಕೆಂಡಿಗೆ ಎಷ್ಟು ಫ್ರೇಮು ಜಾಗ ಬಿಡಬೇಕು? ಎಡಿಟಿಂಗ್ ಕೊಠಡಿಯ ಬೀಗದ ನಂಬರು ಗೊತ್ತಿರೋ ಮೂವರೂ ಒಂದೊಂದು ಚೀಟೀಲಿ ಬರೆದುಕೊಡಿ. ಮತ್ತೆ ತಪ್ಪಾಗೋದು ಬೇಡ ನೋಡಿ."

ಕಾರ್ಯದರ್ಶಿ ಸರಕ್ಕನೆ ಬರೆದು ಚೀಟಿ ತಳ್ಳಿದರು. ಇನ್ನಿಬ್ಬರೂ ಕೊಟ್ಟರು. ಅಕ್ಕ ಮೂರನ್ನೂ ಮಡಚಿ ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟರು.

"ಮೊದಲು, ಇದು ಮರೆವಲ್ಲ. ಒಬ್ಬರನ್ನ ಮರೆತಿದ್ರೆ ಚಿತ್ರ ಮೂರು ಸೆಕೆಂಡು ಗಿಡ್ಡ ಆಗ್ಬೇಕಿತ್ತು, ಸಂಗೀತ ಆಮೇಲೂ ಕೇಳಿಸ್ತಾ ಇರ್ಬೇಕಿತ್ತು. ಹಾಗಾಗ್ಲಿಲ್ಲ. ಯಾರೋ ಆ ಮನುಷ್ಯನನ್ನ ಕಿತ್ತು, ಆ ಹಳ್ಳ ಗೊತ್ತಾಗ್ಬಾರದು ಅಂತ ಮುಂದಿನ ವಿಗ್ಗಜ್ಜೀನ ಎಳೆದು ಮುಚ್ಚಿದ್ರು. ಅದಕ್ಕೇ ಅಜ್ಜಿ ಆರು ಸೆಕೆಂಡು ನಮ್ಮನ್ನ ನೋಡ್ತಾ ಕೂತಿದ್ದು. ಪಾಪ, ಬದುಕಿದ್ದಾಗ ಒಂದು ಕ್ಷಣಾನೂ ಯಾರೂ ಅವಳ ಕಡೆ ತಿರುಗಿ ನೋಡಿರ್ಲಿಲ್ಲ."

"ಎಡಿಟರಮ್ಮನೇ ಮುಚ್ಚಿರಬಹುದಲ್ಲ," ಎಂದರು ಕಾರ್ಯದರ್ಶಿ.

"ಬರ್ತೀನಿ ತಡೀರಿ. ಯಾಕೆ ಕಿತ್ರು? ಫೋಟೋ ಅಂಗೈ ಅಗಲ ಇದ್ದಾಗ ಮೂಲೇಲಿರೋದು ಯಾರ ಕಣ್ಣಿಗೂ ಬೀಳಲ್ಲ. ಹೆತ್ತ ಮಗಳೇ ನೋಡಿರಲಿಲ್ಲ. ನಲವತ್ತು ಅಡಿ ಪರದೆ ಮೇಲೆ ಬಂದಾಗ ಹಲಗೆ ಮೇಲಿನ ತಾರೀಖು ಬಾಗಿಲಷ್ಟು ದೊಡ್ಡದಾಗಿ ಕಾಣಿಸ್ತು. ಶೂಟಿಂಗೇ ಇರ್ಲಿಲ್ಲ ಅಂದ ದಿನದ ತಾರೀಖು. ಆಗ ಹಾಲಿನಲ್ಲಿದ್ದವರು ಮೂವರು. ಬೀಗದ ನಂಬರು ಗೊತ್ತಿರೋರೂ ಅದೇ ಮೂವರು."

ನಿರ್ಮಾಪಕರು ಕೈಗಡಿಯಾರ ನೋಡಿಕೊಂಡರು.

"ಈಗ ಲೆಕ್ಕ. ಸಿನಿಮಾದಲ್ಲಿ ಮೂರು ಸೆಕೆಂಡು ಅಂದ್ರೆ ಎಪ್ಪತ್ತೆರಡು ಫ್ರೇಮು. ನಲವತ್ತೊಂದು ಜನಕ್ಕೆ 2952. ರೀಲಣ್ಣನ ಪುಸ್ತಕದಲ್ಲಿ ಮೊದಲ ಪ್ರತಿ ಅಷ್ಟೇ ಇದೆ. ಎಪ್ಪತ್ತೆರಡು ಕಿತ್ತು ಎಪ್ಪತ್ತೆರಡು ತುಂಬಿಸಿದ್ರೆ ಮತ್ತೆ 2952 ಬರ್ಬೇಕು. ಬಂದಿದ್ದು 2955. ಅಂದ್ರೆ ತುಂಬಿಸಿದ್ದು ಎಪ್ಪತ್ತೈದು. ಆ ಮೂರು ಫ್ರೇಮಿಗೇ ಆಮೇಲಿನ ಮುಖಗಳೆಲ್ಲ ಪಿಯಾನೋ ಹಿಂದೆ ಎಡವಿದ್ದು. ಮೂರು ಸೆಕೆಂಡು ಅಂದ ತಕ್ಷಣ ಎಪ್ಪತ್ತೈದು ಅಂತ ಯಾರ ಕೈಗೆ ಬರುತ್ತೆ? ಸೆಕೆಂಡಿಗೆ ಇಪ್ಪತ್ತೈದು ಫ್ರೇಮು ಎಣಿಸಿ ಬೆಳೆದವರಿಗೆ. ಟೀವಿಯವರಿಗೆ."

ಅಕ್ಕ ಚೀಟಿಗಳನ್ನು ಒಂದೊಂದಾಗಿ ಬಿಡಿಸಿದರು. ಎಡಿಟರಮ್ಮನದು ಎಪ್ಪತ್ತೆರಡು. ರೀಲಣ್ಣನದು ಎಪ್ಪತ್ತೆರಡು. ಮೂರನೆಯದನ್ನು ಓದದೆ ಅಧ್ಯಕ್ಷರ ಮುಂದೆ ಸರಿಸಿದರು.

"ಎಪ್ಪತ್ತೈದು," ಎಂದರು ಅಧ್ಯಕ್ಷರು, ಕಿವಿ ಮಂದವಾದವರ ದೊಡ್ಡ ದನಿಯಲ್ಲಿ.

"ಅಭ್ಯಾಸಬಲ! ಒಂದು ಚೀಟಿ ಇಟ್ಕೊಂಡು..." ಕಾರ್ಯದರ್ಶಿ ಎದ್ದು ನಿಂತರು. "ಇದನ್ನ ಸಾಕ್ಷಿ ಅಂತೀರಾ? ಕತೆ ಕಟ್ತಾ ಇದ್ದೀರಿ."

"ಕತೇಲಿ ಇನ್ನೊಂದು ತುಂಡಿದೆ," ಎಂದ ಅಕ್ಕ ಹುಡುಗಿಯ ಕಡೆ ತಿರುಗಿದರು. "ಮಗೂ, ಇದನ್ನ ಕೇಳೋದು ಕಷ್ಟ. ಬೇಕಾದ್ರೆ ಹೊರಗೆ ಹೋಗು."

"ಹೇಳಿ," ಎಂದಳು ಆಕೆ.

"ನಿನ್ನೆ ತೋರಿಸಿದ ತುಣುಕು. ನಾಯಕ ಅಂಚಲ್ಲಿ ನಿಂತಾಗ ಅವನ ಎಡತೋಳು ಹರಿದಿದೆ. ಎದ್ದು ನಿಂತಾಗಲೂ ಎಡತೋಳೇ. ನಡುವೆ ಹಾರುವವನದು ಬಲತೋಳು ಹರಿದಿದೆ. ಈ ಫೋಟೋದಲ್ಲಿರೋ ಹಾಗೆ. ಕಂಟಿನ್ಯುಟಿ ತಪ್ಪು. ನಾನಿದ್ದಿದ್ರೆ ಬಿಡ್ತಿರ್ಲಿಲ್ಲ. ಹಾರಿದ್ದು ಈ ಹುಡುಗಿ ಅಪ್ಪ. ದೃಶ್ಯ ಎಂಬತ್ತೇಳು. ಅದರಲ್ಲಿ ಯಾವ ಟೇಕನ್ನ ಸಿನಿಮಾದಲ್ಲಿ ಇಟ್ಕೊಂಡ್ರೋ ನಂಗೊತ್ತಿಲ್ಲ. ಗೊತ್ತಾಗೋದೂ ಬೇಡ. ಆ ಮನುಷ್ಯ ಇರಲೇ ಇಲ್ಲ ಅಂದವರು ಅವನ ಹಾರಾಟ ಇಟ್ಕೊಂಡ್ರು. ನಿನ್ನೆ ಇಡೀ ಹಾಲು ಅದಕ್ಕೆ ಚಪ್ಪಾಳೆ ಹೊಡೀತು. ನಾನೂ ಹೊಡೆದೆ. ನನ್ನ ಕೈಗೆ ಬೆಂಕಿ ಹಾಕ."

ಹುಡುಗಿ ಆ ಫೋಟೋವನ್ನು ತನ್ನ ಕಡೆಗೆ ಎಳೆದುಕೊಂಡಳು.

ನಿರ್ಮಾಪಕರು ಕುರ್ಚಿ ಹಿಂದಕ್ಕೆ ತಳ್ಳಿದರು. "ನಂಗಿದ್ಯಾವುದೂ ಗೊತ್ತಿಲ್ಲ. ನಿಮ್ಮ ಕಾರ್ಯದರ್ಶಿ ಏನು ಮಾಡಿದ್ದಾರೋ ನೀವೇ ಕೇಳ್ಕೊಳ್ಳಿ. ನಾಳೆಯಿಂದ ಆ ಕುರ್ಚಿಗೆ ಬೇರೆಯವರನ್ನ ಹುಡುಕಿ."

"ಗೊತ್ತಿಲ್ವಾ?" ಕಾರ್ಯದರ್ಶಿಯ ಮುಖ ಕಪ್ಪಿಟ್ಟಿತು. "ಮೂರೂ ಮುಕ್ಕಾಲಿಗೆ ಫೋನ್ ಮಾಡಿದಾಗ ಏನಂದ್ರಿ ಸಾರ್? ಏನಾದ್ರೂ ಮಾಡು, ಅದು ಪರದೆ ಮೇಲೆ ಬರ್ಕೂಡದು ಅಂದ್ರಿ!"

"ಬರೀ ಆ ಮೂಲೆ ಕತ್ತರಿಸು ಅಂದಿದ್ದೆ ಕಣಯ್ಯಾ! ಮನುಷ್ಯನ್ನೇ ತೆಗೀ ಅಂದಿದ್ನಾ, ದಡ್ಡ..."

ಹೇಳಿದ ಮೇಲೆ ಅವರಿಗೇ ಕೇಳಿಸಿತು. ರೀಲಣ್ಣ, "ಥೂ," ಎಂದ, ಸಣ್ಣಗೆ, ಸ್ಪಷ್ಟವಾಗಿ.

ಎಡಿಟರಮ್ಮನನ್ನು ತೆಗೆದುಹಾಕಿದ ಪತ್ರವನ್ನು ಅಧ್ಯಕ್ಷರು ಎರಡು ತುಂಡು ಮಾಡಿದರು. ಕಾರ್ಯದರ್ಶಿಯಿಂದ ಆಫೀಸಿನ ಬೀಗದ ಕೈಗಳನ್ನು ಕೇಳಿ ಪಡೆದರು. ಆಮೇಲೆ ಹುಡುಗಿಯ ಹತ್ತಿರ ಹೋಗಿ, "ಮುಂದಿನ ವರ್ಷ ನಿಮ್ಮ ತಂದೆಯವರಿಗೆ ಮರಣೋತ್ತರ ವಿಶೇಷ ಪ್ರಶಸ್ತಿ ಕೊಡ್ತೀವಮ್ಮ. ನೀನೇ ವೇದಿಕೆಗೆ ಬಂದು..." ಎಂದರು.

"ಬೇಡ ಸಾರ್," ಎಂದಳು. ಅಲ್ಲಿಯವರೆಗೆ ಅದುಮಿಟ್ಟದ್ದೆಲ್ಲ ಆ ದನಿಯಲ್ಲಿತ್ತು. "ಪ್ರಶಸ್ತಿ ಗೊಂಬೆ ಇಟ್ಕೊಂಡು ನಾನೇನು ಮಾಡ್ಲಿ? ಇವರಿಬ್ಬರೂ ಈಗ ಹೇಳಿದ್ದನ್ನ ಒಂದು ಹಾಳೇಲಿ ಬರೀರಿ. ಕೇಳಿಸ್ಕೊಂಡವರೆಲ್ಲ ಸಹಿ ಹಾಕಿ. ಇವತ್ತೇ."

ಅಧ್ಯಕ್ಷರು ಬರೆದರು. ನಿರ್ಮಾಪಕರು ವಕೀಲರಿಗೆ ಫೋನು ಮಾಡುತ್ತಾ ಹೊರಗೆ ಹೋದರು. ಯಾರೂ ದಾರಿ ಬಿಡಲಿಲ್ಲ, ಅವರೇ ಸುತ್ತಿಕೊಂಡು ಹೋಗಬೇಕಾಯಿತು. ಹಲಗೆಯ ಮೇಲೇನಿದೆ, ಅದರ ಅರ್ಥವೇನು ಎಂದು ನಾನು ಬೇರೆ ಹಾಳೆಯಲ್ಲಿ ಬರೆದೆ. ಮೊದಲ ಸಹಿ ಎಡಿಟರಮ್ಮನದು. ಕಡೆಗೆ ಕಾರ್ಯದರ್ಶಿಯೂ ಹಾಕಿದರು, ಯಾರ ಮುಖವನ್ನೂ ನೋಡದೆ.

ಆರು ಗಂಟೆಗೆ ನಾವು ಮೂವರು ಪೊಲೀಸ್ ಠಾಣೆಯ ಮರದ ಬೆಂಚಿನ ಮೇಲೆ ಕೂತಿದ್ದೆವು. ಬರೆಯುವ ಪೇದೆ ಹಾಳೆಗಳನ್ನು ಎರಡು ಸಲ ಓದಿ, ಕಪಾಟಿನಿಂದ ಹತ್ತು ತಿಂಗಳ ಹಿಂದಿನ ಕಡತ ಎಳೆದು ತೆಗೆದ. ಹುಡುಗಿ ಬಗ್ಗಿ ನೋಡಿದಳು. ನಾನೂ ನೋಡಿದೆ. ಮೃತರ ಉದ್ಯೋಗ ಎಂಬಲ್ಲಿ 'ಇಲ್ಲ' ಎಂದಿತ್ತು.

"ಇದನ್ನ ಹೊಡೆದು ಹಾಕಿ," ಎಂದಳು.

"ಹಳೇದನ್ನ ತಿದ್ದೋಕೆ ಬರಲ್ಲಮ್ಮ. ಹೊಸದಾಗಿ ದೂರು ಬರ್ಕೋಬೇಕು."

"ಬರ್ಕೊಳ್ಳಿ."

ಪೇದೆ ಹೊಸ ಹಾಳೆಗೆ ಗೆರೆ ಎಳೆದ.

"ಬೀಳೋ ಹೊತ್ತಿಗೆ ನಿಮ್ಮ ತಂದೆ ಅಲ್ಲೇನು ಮಾಡ್ತಿದ್ರು?"

"ಕೆಲಸ," ಎಂದಳು ಹುಡುಗಿ. "ಕೆಲಸ ಮಾಡ್ತಿದ್ರು. ಹಾಗಂತಲೇ ಬರೀರಿ."